ಹಂಚಿದವನು ಗೂಂಡಾ, ಹೆಸರು ಅಳಿಸಿದವನು ಮಾಲೀಕ

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಅರಸೀಕೆರೆಯಿಂದ ಜಾವಗಲ್, ಹಳೇಬೀಡಿನ ಮೇಲೆ ಬೇಲೂರಿಗೆ ಹೋಗುವ ಬಸ್ಸು. ಡ್ರೈವರ್ ತಲೆಯ ಮೇಲಿದ್ದ ಪೆಟ್ಟಿಗೆಯಲ್ಲಿ ಶಿಶುನಾಳ ಶರೀಫರ ತತ್ವಪದವೊಂದು ಬರುತ್ತಿತ್ತು. ಏಕತಾರಿ, ದಮ್ಮಡಿ, ಹಿಂದೊಂದು ಸವೆದ ಹಾರ್ಮೋನಿಯಂ, ಮುಂದೆ ಒಣಗಿದ ಬಾವಿಯ ತಳದಿಂದ ಎದ್ದು ಬಂದಂತಹ ಗಂಟಲು. ಮುಂದಿನ ಸೀಟಿನಲ್ಲಿದ್ದವರೊಬ್ಬರು ಕಂಡಕ್ಟರನನ್ನು ಕೇಳಿದರು: "ಯಾರಪ್ಪಾ ಇದು ಹಾಡಿರೋದು?" ಕಂಡಕ್ಟರ್ ಟಿಕೆಟ್ ಹರಿಯುತ್ತಲೇ ಹೇಳಿದ: "ಯಾರೋ ಏನೋ, ಕಾರ್ಡಲ್ಲಿತ್ತು. ಹಳೇ ಕಾಲದವ್ರು, ಸತ್ತೋಗಿರ್ಬೇಕು."

ಸತ್ತು ಹೋಗಿರಬೇಕಾದ ಆ ಮನುಷ್ಯ ನನ್ನ ಪಕ್ಕದಲ್ಲಿ, ತೊಡೆಯ ಮೇಲೆ ಬಟ್ಟೆಚೀಲ ಇಟ್ಟುಕೊಂಡು ಕೂತಿದ್ದರು. ಜಾವಗಲ್‌ನಲ್ಲಿ ಇಳಿದ ಮೇಲೆ ನಾನು ಕೇಳಿದೆ: "ಯಾಕೆ ತಾತ, ನಾನೇ ಹಾಡಿದ್ದು ಅಂತ ಒಂದು ಮಾತು ಹೇಳಬಾರದಿತ್ತಾ?" ಅವರು ನಕ್ಕರು. "ಹೇಳಿದ್ರೆ ನಂಬ್ತಿದ್ರೇನಪ್ಪಾ? ದುಡ್ಡು ಕೊಟ್ಟು ಟಿಕೆಟ್ ತಗಂಡು ಕೂತಿರೋನು ಹಾಡುಗಾರ ಅಂದ್ರೆ ಯಾರು ನಂಬ್ತಾರೆ?"

ಈ ನಗುವಿನ ಹಿಂದಿನ ಕಥೆ ಸಣ್ಣದು. 1991ರಲ್ಲಿ ಬೆಂಗಳೂರಿನ ಒಂದು ಕ್ಯಾಸೆಟ್ ಕಂಪನಿಯವರು ತಾತನನ್ನೂ ಅವರ ಮೇಳದ ಮೂವರನ್ನೂ ಕರೆಸಿಕೊಂಡು ಒಂದೇ ದಿನದಲ್ಲಿ ಎಂಟು ಪದಗಳನ್ನು ಮುದ್ರಿಸಿಕೊಂಡರು. ನಾಲ್ವರಿಗೂ ಸೇರಿ ಸಾವಿರದ ಐನೂರು ರೂಪಾಯಿ, ಬಸ್ ಚಾರ್ಜು, ಆಮೇಲೆ ಅಂಚೆಯಲ್ಲಿ ಹತ್ತು ಕ್ಯಾಸೆಟ್ಟು. ಇಂಗ್ಲಿಷಿನಲ್ಲಿದ್ದ ಒಂದು ಕಾಗದಕ್ಕೆ ಸಹಿ. ತಾತನಿಗೆ ಉರ್ದು ಓದಲು ಬರುತ್ತಿತ್ತು, ಕನ್ನಡ ಓದಲು ಬರೆಯಲು ಬರುತ್ತಿತ್ತು. ಆ ಕಾಗದ ಎರಡೂ ಭಾಷೆಯಲ್ಲಿ ಇರಲಿಲ್ಲ. ಅದರ ಪ್ರತಿಯೂ ಅವರ ಬಳಿ ಇರಲಿಲ್ಲ. ಕ್ಯಾಸೆಟ್ ಎಷ್ಟು ಮಾರಾಟವಾಯಿತು, ಎಷ್ಟು ಸಲ ಮರುಮುದ್ರಣವಾಯಿತು ಎಂಬುದನ್ನು ಕೊನೆಯವರೆಗೂ ಯಾರೂ ಅವರಿಗೆ ತಿಳಿಸಲಿಲ್ಲ.

ಕ್ಯಾಸೆಟ್ಟಿನ ಕಾಲ ಮುಗಿಯಿತು. ಎಂಪಿ3 ಸಿ.ಡಿ. ಬಂತು, ಅದರ ಹಿಂದೆಯೇ ಮೆಮೊರಿ ಕಾರ್ಡು ಬಂತು. ಬಸ್ ನಿಲ್ದಾಣದ ಸುತ್ತಲಿನ ಮೊಬೈಲ್ ಅಂಗಡಿಗಳಲ್ಲಿ ಇಪ್ಪತ್ತು ಮೂವತ್ತು ರೂಪಾಯಿ ಕೊಟ್ಟರೆ ಕಾರ್ಡು ತುಂಬ ಹಾಡು ಹಾಕಿಕೊಡುತ್ತಿದ್ದರು. ಸಿನಿಮಾ ಹಾಡು, ಖವ್ವಾಲಿ, ಮಾದಪ್ಪನ ಹಾಡು, ತತ್ವಪದ, ಎಲ್ಲವೂ ಒಂದೇ ಕಾರ್ಡಿನಲ್ಲಿ. ಒಬ್ಬರ ಮೊಬೈಲಿನಿಂದ ಇನ್ನೊಬ್ಬರ ಮೊಬೈಲಿಗೆ ಬ್ಲೂಟೂತಿನಲ್ಲಿ ದಾಟಿ ತಾತನ ದನಿ ಟ್ರ್ಯಾಕ್ಟರಿಗೆ, ಕೊಬ್ಬರಿ ಮಂಡಿಗೆ, ಕುರಿ ಕಾಯುವ ಹುಡುಗನ ಜೇಬಿಗೆ ಹೋಯಿತು. ಕ್ಯಾಸೆಟ್ಟು ಎಂದೂ ಹೋಗದ ಊರುಗಳಿಗೂ ಹೋಯಿತು. ಆದರೆ ದಾರಿಯಲ್ಲಿ ಎಲ್ಲಿಯೋ ಅವರ ಹೆಸರು ಬಿದ್ದುಹೋಯಿತು. ಹಾಡಿಗೆ 'ತತ್ವಪದ 07' ಎಂಬ ನಂಬರು ಬಂತು. ಕೆಲವು ಕಾರ್ಡುಗಳಲ್ಲಿ ಹಾಡುಗಾರನ ಹೆಸರಿರಬೇಕಾದ ಜಾಗದಲ್ಲಿ ಮೊಬೈಲ್ ಅಂಗಡಿಯ ಹೆಸರೇ ಇತ್ತು.

ಇಲ್ಲಿ ಕಳ್ಳ ಯಾರು?

ನಮ್ಮ ಕಾನೂನನ್ನು ಕೇಳಿದರೆ ಉತ್ತರ ಸಿದ್ಧವಾಗಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 63ನೇ ಕಲಂ ಪ್ರಕಾರ ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದವನಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ. ಇಷ್ಟು ಸಾಲದೆಂದು ಕರ್ನಾಟಕ ಸರ್ಕಾರ ತನ್ನ 1985ರ ಗೂಂಡಾ ಕಾಯ್ದೆಯೊಳಗೆ 'ವಿಡಿಯೊ ಅಥವಾ ಆಡಿಯೊ ಪೈರೇಟ್'ಗಳನ್ನೂ ಸೇರಿಸಿತು. 2014ರ ತಿದ್ದುಪಡಿಯಲ್ಲಿ 'ಡಿಜಿಟಲ್ ಅಪರಾಧಿ'ಗಳೂ ಬಂದರು. ಆ ಕಾಯ್ದೆಯ ಉದ್ದನೆಯ ಹೆಸರನ್ನು ಒಮ್ಮೆ ಓದಿ ನೋಡಬೇಕು. ಆ್ಯಸಿಡ್ ಎರಚುವವರು, ಕಳ್ಳಭಟ್ಟಿಯವರು, ಮಾದಕ ವಸ್ತು ಮಾರುವವರು, ಭೂಗಳ್ಳರು ಇವರೆಲ್ಲರ ಸಾಲಿನಲ್ಲಿ ಹಾಡಿನ ನಕಲು ಮಾಡುವವನೂ ನಿಂತಿದ್ದಾನೆ. ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಒಳಗಿಡಬಹುದಾದ ಕಾಯ್ದೆ ಇದು.

ಸರಿ. ಸಾವಿರದ ಐನೂರು ರೂಪಾಯಿಗೆ ನಾಲ್ಕು ಜನರ ಗಂಟಲನ್ನು ಶಾಶ್ವತವಾಗಿ ಬರೆಸಿಕೊಂಡವನಿಗೆ ಯಾವ ಕಲಂ? ಅವನಿಗೆ ಕಲಂ ಇಲ್ಲ. ಅವನ ಬಳಿ ಸಹಿ ಇದೆ. ಸಹಿ ಇದ್ದವನು ಮಾಲೀಕ, ಕಾರ್ಡು ತುಂಬಿದ ಹುಡುಗ ಗೂಂಡಾ, ಹಾಡಿದವನು ಬಸ್ಸಿನಲ್ಲಿ ಟಿಕೆಟ್ ಕೊಂಡು ಕೂತ ಪ್ರಯಾಣಿಕ. ಈ ಲೆಕ್ಕದಲ್ಲಿ ಏನೋ ತಪ್ಪಿದೆ ಎಂದು ಅನ್ನಿಸದಿದ್ದರೆ ನಮ್ಮ ಕಿವಿಯಲ್ಲಿಯೇ ದೋಷವಿರಬೇಕು.

ಹಾಗೆಂದು ನಕಲನ್ನು ನಾನು ಸಮರ್ಥಿಸುತ್ತಿಲ್ಲ. ಸಂಗೀತಗಾರರಲ್ಲಿಯೇ ಈ ಬಗ್ಗೆ ಒಮ್ಮತವಿಲ್ಲ, ಅವರ ಅಳುಕಿಗೆ ಕಾರಣವೂ ಇದೆ. 2000ರಲ್ಲಿ ಅಮೆರಿಕದ ಮೆಟಾಲಿಕಾ ತಂಡ ನ್ಯಾಪ್‌ಸ್ಟರ್ ಎಂಬ ಹಾಡು ಹಂಚುವ ವ್ಯವಸ್ಥೆಯ ಮೇಲೆ ದಾವೆ ಹೂಡಿತು. 2007ರಲ್ಲಿ ಇಂಗ್ಲೆಂಡಿನ ರೇಡಿಯೋಹೆಡ್ ತಂಡ ತನ್ನ ಹೊಸ ಆಲ್ಬಮ್ಮನ್ನು, ನಿಮಗೆ ತೋಚಿದಷ್ಟು ಕೊಟ್ಟು ಇಳಿಸಿಕೊಳ್ಳಿ ಎಂದು ಜನರ ಮುಂದೆ ಇಟ್ಟಿತು. ನಮ್ಮ ಪಕ್ಕದಲ್ಲಿಯೇ, ಕನ್ನಡ ಸಿನಿಮಾಗಳಿಗೂ ರಾಗ ಹಾಕಿದ ಇಳಯರಾಜಾ 2017ರಲ್ಲಿ ತಮ್ಮ ಜೀವದ ಗೆಳೆಯ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೇ, ಅನುಮತಿಯಿಲ್ಲದೆ ನನ್ನ ಹಾಡುಗಳನ್ನು ಕಛೇರಿಗಳಲ್ಲಿ ಹಾಡಬೇಡಿ ಎಂದು ಲಾಯರ್ ನೋಟೀಸು ಕಳಿಸಿದರು. ಆಗ ಅನೇಕರು ಇಳಯರಾಜಾರನ್ನು ದುರಾಸೆಯ ಮನುಷ್ಯನೆಂದು ಜರಿದರು. ಜರಿಯುವುದು ಸುಲಭ. ದಶಕಗಳ ಕಾಲ ತಾನು ಹಾಕಿದ ರಾಗದ ಆದಾಯ ನಿರ್ಮಾಪಕನಿಗೆ, ಆಡಿಯೊ ಕಂಪನಿಗೆ ಹೋಗುವುದನ್ನು ನೋಡುತ್ತಲೇ ಬಂದವನು ಮುದಿಪ್ರಾಯದಲ್ಲಿ ಲೆಕ್ಕ ಕೇಳಿದರೆ ಅದನ್ನು ದುರಾಸೆ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಅವರು ನೋಟೀಸು ಕಳಿಸಿದ ವಿಳಾಸ ಸರಿಯೇ ಎಂಬುದು ಬೇರೆ ಪ್ರಶ್ನೆ.

ನನ್ನ ತಕರಾರು ಇರುವುದು ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಚೀಲಕ್ಕೆ ತುಂಬುವುದರ ಬಗ್ಗೆ. ಹಾಡನ್ನು ಯಾರು ಕೇಳಬಹುದು? ಹಾಡಿನಿಂದ ಯಾರು ಗಳಿಸಬಹುದು? ಹಾಡಿನ ಮೇಲೆ ಯಾರ ಹೆಸರಿರಬೇಕು? ಕಂಪನಿಗಳು ಮೊದಲನೆಯ ಪ್ರಶ್ನೆಗೆ ಬೀಗ ಜಡಿದು ಎರಡನೆಯದರ ಲಾಭ ಉಣ್ಣುತ್ತವೆ. ಕೇಳುಗರಾದ ನಾವು ಮೊದಲನೆಯದನ್ನು ಪುಕ್ಕಟೆಯಾಗಿ ಬಾಚಿಕೊಂಡು ಉಳಿದ ಎರಡನ್ನು ಮರೆಯುತ್ತೇವೆ. ಮೂರನೆಯದನ್ನು ಎರಡೂ ಕಡೆಯವರು ಕೇಳುವುದೇ ಇಲ್ಲ.

ಕನ್ನಡದ ಪರಂಪರೆ ಆ ಮೂರನೆಯ ಪ್ರಶ್ನೆಯನ್ನು ಎಂಟುನೂರು ಒಂಬೈನೂರು ವರ್ಷಗಳ ಹಿಂದೆಯೇ ಬಿಡಿಸಿತ್ತು. ವಚನಕಾರರ ಕೊನೆಯ ಸಾಲಿನಲ್ಲಿ ಅಂಕಿತ. ದಾಸರ ಪದದ ಕೊನೆಯಲ್ಲಿ ಅಂಕಿತ. ಶರೀಫರ ಪದದಲ್ಲಿ ಶಿಶುನಾಳಾಧೀಶ. ಈ ಪದಗಳನ್ನು ಯಾರು ಬೇಕಾದರೂ ಕಲಿಯಬಹುದಿತ್ತು, ಹಾಡಬಹುದಿತ್ತು, ಓಲೆಯಲ್ಲಿ ಬರೆದುಕೊಳ್ಳಬಹುದಿತ್ತು. ಒಂದು ಊರಿನ ಭಜನೆಯಿಂದ ಇನ್ನೊಂದು ಊರಿನ ಭಜನೆಗೆ ಅವು ನಡೆದು ಹೋದವು. ಬೇಲೂರಿನ ವೈಕುಂಠದಾಸರ ಪದ ಹಾಡಲು ಬೇಲೂರಿಗೆ ಬಂದು ಪರವಾನಗಿ ಕೇಳಬೇಕಿರಲಿಲ್ಲ. ಆದರೆ ಅಂಕಿತ ಕಿತ್ತು ತನ್ನದನ್ನು ಅಂಟಿಸಿದವನನ್ನು ಭಜನೆಯ ಜನ ಕಳ್ಳನೆಂದೇ ಕರೆದರು. ಹಂಚಿಕೆಗೆ ಬಾಗಿಲು ಪೂರ್ತಿ ತೆರೆದಿತ್ತು, ಹೆಸರಿನ ಮೇಲೆ ಮಾತ್ರ ಕಾವಲಿತ್ತು.

ಕಲ್ಲಿನ ಸಾಕ್ಷಿ ಬೇಕಾದವರು ಅದೇ ಬಸ್ಸಿನಲ್ಲಿ ಮುಂದೆ ಹೋಗಿ ಬೇಲೂರಿನಲ್ಲಿ ಇಳಿಯಲಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದಲ್ಲಿ ದೊರೆಯ ಶಾಸನವಿದೆ. ಆದರೆ ಮದನಿಕೆಯರ ಪಾದದ ಬಳಿ ದೊರೆಯ ಹೆಸರಿಲ್ಲ. ಅಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ನುಗ್ಗೇಹಳ್ಳಿಯ ಗುಡಿಯಲ್ಲಿ ಮಲ್ಲಿತಮ್ಮ, ಬೈಚೋಜ ತಮ್ಮ ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರೆ. ಖರ್ಚು ಹಾಕಿದವನು ದೊರೆ, ಕಲ್ಲು ದೊರೆಯದು, ಗುಡಿ ದೇವರದು. ಹಾಗಿದ್ದೂ ಉಳಿ ಹಿಡಿದವನ ಹೆಸರು ಅಲ್ಲಿ ಇರಬೇಕೆಂಬುದನ್ನು ಯಾರೂ ಪ್ರಶ್ನಿಸಲಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಪರಂಪರೆಯಲ್ಲಿ ಈ ಸಣ್ಣ ಅಕ್ಷರಗಳ ಪಾಠವೂ ಸೇರಿದೆ ಎಂದು ಯಾರು ಹೇಳಿದರು? ಇಂದು ದರ್ಪಣ ಸುಂದರಿಯ ಬಳಪದ ಕಲ್ಲಿನ ಮರಿಗಳು ಗುಡಿಯ ಮುಂದಿನ ಅಂಗಡಿಗಳಲ್ಲಿ ಸಾಲಾಗಿ ನಿಂತಿವೆ. ಅವುಗಳನ್ನು ಕೆತ್ತಿದ ಕೈ ಯಾವುದೆಂದು ಕೇಳಿದರೆ ಅಂಗಡಿಯವನಿಗೇ ಗೊತ್ತಿರುವುದಿಲ್ಲ.

ಹೆಸರಿನ ವಿಷಯ ಅಷ್ಟು ದೊಡ್ಡದೇ, ಕಲಾವಿದನಿಗೆ ಬೇಕಾದದ್ದು ಹಣವಲ್ಲವೇ ಎಂದು ಕೇಳುವವರಿದ್ದಾರೆ. ಅವರು ನಾಡಗೀತೆಯ ಪ್ರಕರಣವನ್ನು ನೆನಪಿಸಿಕೊಳ್ಳಲಿ. ಕುವೆಂಪು ಅವರ ಗೀತೆಗೆ ಮೈಸೂರು ಅನಂತಸ್ವಾಮಿಯವರ ರಾಗವೊಂದು ಇತ್ತು, ನಮ್ಮ ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಸಿ. ಅಶ್ವತ್ಥರ ರಾಗವೊಂದು ಇತ್ತು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯಲ್ಲಿ, ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು ಆದೇಶಿಸಿತು. ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದರು. 2024ರಲ್ಲಿ ಅವರ ಅರ್ಜಿ ವಜಾ ಆಯಿತು. ಯಾರು ಸರಿ ಎಂಬುದು ಇಲ್ಲಿ ನನ್ನ ವಿಷಯವಲ್ಲ. ಇಬ್ಬರು ರಾಗ ಸಂಯೋಜಕರೂ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ರಾಯಧನದ ಒಂದು ರೂಪಾಯಿಯ ಮಾತೂ ಇಲ್ಲದ ಕಡೆ, ಯಾರ ರಾಗ ನಾಡಿನ ಬಾಯಲ್ಲಿ ಉಳಿಯಬೇಕು ಎಂಬುದಕ್ಕೆ ಸಂಗೀತಗಾರರು ಕೋರ್ಟಿನ ಮೆಟ್ಟಿಲು ಹತ್ತಿದರು. ಕಲಾವಿದನಿಗೆ ಹೆಸರು ಎಂದರೆ ಏನೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಇನ್ನು ಕಾನೂನು. 1977ರಲ್ಲಿ ಸುಪ್ರೀಂ ಕೋರ್ಟು ಸಿನಿಮಾ ಹಾಡಿನ ಹಕ್ಕು ನಿರ್ಮಾಪಕನದೆಂದು ತೀರ್ಪು ಕೊಟ್ಟಾಗ, ಅದೇ ಪೀಠದಲ್ಲಿದ್ದ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಹಾಡುವವನಿಗೆ ನಮ್ಮ ಕಾಯ್ದೆಯಲ್ಲಿ ಹಕ್ಕೇ ಇಲ್ಲವಲ್ಲ ಎಂದು ಪ್ರತ್ಯೇಕವಾಗಿ ಬರೆದು ಸಂಸತ್ತಿನ ಗಮನ ಸೆಳೆದರು. ಸಂಸತ್ತು ಗಮನಿಸಲು ಹದಿನೇಳು ವರ್ಷ ಬೇಕಾಯಿತು. 1994ರ ತಿದ್ದುಪಡಿಯಲ್ಲಿ ಮೊದಲ ಸಲ ಪ್ರದರ್ಶಕನ ಹಕ್ಕು ಬಂತು, ಮರುವರ್ಷ ಜಾರಿಯಾಯಿತು. ಅಂದರೆ ತಾತ 1991ರಲ್ಲಿ ಮೈಕಿನ ಮುಂದೆ ಕೂತಾಗ ಭಾರತದ ಕಾನೂನಿನ ಕಣ್ಣಿಗೆ ಅವರು ಯಾರೂ ಆಗಿರಲಿಲ್ಲ. 2012ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ಹಾಡು ಬರೆದವರು, ರಾಗ ಹಾಕಿದವರು ಯಾವ ಕಾಗದಕ್ಕೆ ಸಹಿ ಹಾಕಿದ್ದರೂ ರಾಯಧನದ ತಮ್ಮ ಪಾಲನ್ನು ಕಂಪನಿಗೆ ಬಿಟ್ಟುಕೊಡುವಂತಿಲ್ಲ ಎಂದಿತು. ಹಾಡಿದವರಿಗೂ ವಾಣಿಜ್ಯ ಬಳಕೆಯಲ್ಲಿ ರಾಯಧನವಿದೆ ಎಂದಿತು. ಹಾಡಿದವನ ಹೆಸರು ಹೇಳಬೇಕೆಂಬ ಹಕ್ಕನ್ನೂ 38ಬಿ ಕಲಮಿನಲ್ಲಿ ಕೊಟ್ಟಿತು. ದಾಸೋಜನಿಗೆ ಹನ್ನೆರಡನೆಯ ಶತಮಾನದಲ್ಲಿ ಇದ್ದದ್ದನ್ನು ನಮ್ಮ ಪ್ರಜಾಪ್ರಭುತ್ವ ಹಾಡುಗಾರನಿಗೆ ಕೊಟ್ಟದ್ದು ಇಪ್ಪತ್ತೊಂದನೆಯ ಶತಮಾನದಲ್ಲಿ!

ಇದೇ ಕಾಯ್ದೆ ಇನ್ನೊಂದು ವಿವೇಕವನ್ನೂ ತೋರಿಸಿದೆ. ಹಾಡುಗಾರಿಕೆಯನ್ನು ಯಾರಾದರೂ ತನ್ನ ಸ್ವಂತ ಬಳಕೆಗೆ, ಪಾಠಕ್ಕೆ, ಸಂಶೋಧನೆಗೆ ಮುದ್ರಿಸಿಕೊಂಡರೆ ಅದು ಹಾಡಿದವನ ಹಕ್ಕಿನ ಉಲ್ಲಂಘನೆಯಲ್ಲ. ಕೇಳಲು ಇಟ್ಟುಕೊಳ್ಳುವುದು ಬೇರೆ, ಮಾರಲು ಇಟ್ಟುಕೊಳ್ಳುವುದು ಬೇರೆ ಎಂಬ ಅರಿವು ಕಾನೂನಿಗಿದೆ. ಅದನ್ನು ಜಾರಿ ಮಾಡುವವರಿಗೆ ಮತ್ತು ಯಂತ್ರಕ್ಕೆ ಇಲ್ಲ.

ಯಂತ್ರದ ಮಾತು ಏಕೆಂದರೆ, 2016ರ ನಂತರ ಮೊಬೈಲ್ ಇಂಟರ್‌ನೆಟ್ ಅಗ್ಗವಾದಾಗ ತಾತನ ಮೊಮ್ಮಗ ಒಂದು ಕೆಲಸ ಮಾಡಿದ. ಮನೆಯ ಜಗುಲಿಯಲ್ಲಿ ತಾತ ಹಾಡಿದ್ದನ್ನು ತನ್ನ ಫೋನಿನಲ್ಲಿ ಚಿತ್ರೀಕರಿಸಿ, ತಾತನ ಹೆಸರನ್ನು ದೊಡ್ಡದಾಗಿ ಬರೆದು ಯೂಟ್ಯೂಬಿಗೆ ಏರಿಸಿದ. ಕೆಲವು ದಿನಗಳಲ್ಲಿ ಇಂಗ್ಲಿಷಿನಲ್ಲಿ ನೋಟೀಸು ಬಂತು: ಈ ಧ್ವನಿಯ ಹಕ್ಕು ಬೇರೆಯವರದು. ಹಳೆಯ ಕ್ಯಾಸೆಟ್ಟಿನ ದನಿಗೂ ಈ ದನಿಗೂ ಯಂತ್ರ ತಾಳೆ ಹಾಕಿ ನೋಡಿತ್ತು. ತಾಳೆಯಾಗದೆ ಇರುತ್ತದೆಯೇ? ಗಂಟಲು ಒಂದೇ. ಪದ 1889ರಲ್ಲಿ ತೀರಿಕೊಂಡ ಶರೀಫರದು, ಧಾಟಿ ಊರಿನದು, ಹಾಡಿದ್ದು ಹೊಸದಾಗಿ, ತನ್ನದೇ ಜಗುಲಿಯಲ್ಲಿ. ಕಂಪನಿಗೆ ಹಕ್ಕಿದ್ದರೆ ಅದು 1991ರ ಆ ಮುದ್ರಿಕೆಯ ಮೇಲೆ ಮಾತ್ರ. ಆಕ್ಷೇಪಣೆ ಸಲ್ಲಿಸಲು ಅವಕಾಶವಿತ್ತು. ಆದರೆ ಹುಡುಗ ಹೆದರಿದ. ಕೋರ್ಟು, ದಂಡ, ಪೊಲೀಸು ಎಂಬ ಮಾತುಗಳನ್ನು ಯಾರೋ ಕಿವಿಗೆ ಹಾಕಿದರು. ವಿಡಿಯೊ ಅಳಿಸಿದ. ಹೀಗೆ ತಾತ ತಮ್ಮ ಗಂಟಲನ್ನು ತಾವೇ ಕದ್ದ ಕಳ್ಳರಾದರು.

ಇದೇ ಕಾನೂನು ದೊಡ್ಡವರ ನಡುವೆ ಎಷ್ಟು ಚುರುಕಾಗಿರುತ್ತದೆ ನೋಡಿ. 2022ರ ನವೆಂಬರಿನಲ್ಲಿ ಕೆಜಿಎಫ್-2ರ ಹಾಡನ್ನು ಭಾರತ್ ಜೋಡೋ ಯಾತ್ರೆಯ ವಿಡಿಯೊಗೆ ಬಳಸಿದರೆಂದು ಎಂಆರ್‌ಟಿ ಮ್ಯೂಸಿಕ್ ದೂರು ಕೊಟ್ಟಿತು. ಬೆಂಗಳೂರಿನ ನ್ಯಾಯಾಲಯ ಒಂದು ರಾಷ್ಟ್ರೀಯ ಪಕ್ಷದ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲು ಆದೇಶಿಸಿತು. ಮರುದಿನವೇ ಹೈಕೋರ್ಟು ಷರತ್ತಿನ ಮೇಲೆ ಅದನ್ನು ತೆರವು ಮಾಡಿತು. ಎರಡು ದಿನದಲ್ಲಿ ಎರಡು ಆದೇಶ. ಜಾವಗಲ್ ಕಡೆಯ ಮುದುಕನೊಬ್ಬ ಮೂವತ್ತು ವರ್ಷದ ರಾಯಧನ ಕೇಳಲು ಯಾವ ಕೋರ್ಟಿಗೆ, ಯಾವ ವಕೀಲರ ಜೊತೆ, ಯಾವ ಕಾಗದ ಹಿಡಿದು ಹೋಗಬೇಕು?

ಇಷ್ಟು ಹೊತ್ತು ಕಂಪನಿ, ಸರ್ಕಾರ, ಯಂತ್ರಗಳನ್ನು ಬೈದೆ. ಓದುಗರಿಗೆ ಹಿತವೆನಿಸಿರಬಹುದು. ಈಗ ನಮ್ಮ ಮನೆಯ ಬಾಗಿಲಿಗೆ ಬರೋಣ.

ಉರೂಸಿಗೆ ಖವ್ವಾಲರನ್ನು ಕರೆಸುತ್ತೇವೆ. ಜಾತ್ರೆಗೆ ಭಜನೆ ಮೇಳ ಕರೆಸುತ್ತೇವೆ. ಮದುವೆಗೆ ವಾದ್ಯದವರನ್ನು ಕರೆಸುತ್ತೇವೆ. ರಾತ್ರಿಯಿಡೀ ಹಾಡಿದವರಿಗೆ ಬೆಳಿಗ್ಗೆ ಸಂಭಾವನೆ ಕೊಡುವಾಗ 'ಸೇವೆ' ಎಂಬ ಪದ ನಮ್ಮ ಬಾಯಿಗೆ ಎಷ್ಟು ಬೇಗ ಬರುತ್ತದೆ! ಶಾಮಿಯಾನದವನಿಗೆ ಸೇವೆಯ ಮಾತು ಹೇಳುವುದಿಲ್ಲ, ಬಿರಿಯಾನಿ ಭಟ್ಟರಿಗೆ ಹೇಳುವುದಿಲ್ಲ, ಮೈಕ್‌ಸೆಟ್ಟಿನವನಿಗೆ ಹೇಳುವುದಿಲ್ಲ. ಮೈಕಿನ ಮುಂದೆ ಕೂತವನಿಗೆ ಮಾತ್ರ ಹೇಳುತ್ತೇವೆ. ಇದು ಹಿಂದೂ ಮುಸ್ಲಿಮರಲ್ಲಿ ಭೇದವಿಲ್ಲದೆ ಬೆಳೆದಿರುವ ಒಂದು ಸೌಹಾರ್ದ. ಕೂಲಿಯವನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಪ್ರವಾದಿಯವರ ಬೋಧನೆಯನ್ನು ವೇದಿಕೆಗಳಲ್ಲಿ ಹೇಳುವ ನಾವೇ, ರಾತ್ರಿಯಿಡೀ ಹಾಡಿದವನ ಬೆವರಿಗೆ ಬೇರೆ ಲೆಕ್ಕ ಇಟ್ಟಿದ್ದೇವೆ. ಕಾಯಕದ ಬಗ್ಗೆ ಭಾಷಣ ಮಾಡುವ ಸಮಿತಿಗಳ ಕಥೆಯೂ ಇದೇ.

ಈಗ ಇದಕ್ಕೆ ಇನ್ನೊಂದು ಸೇರಿದೆ. ಹಾಡುವಾಗ ಎದುರಿಗೆ ಕ್ಯಾಮೆರಾ ಇಟ್ಟು ನೇರ ಪ್ರಸಾರ ಮಾಡುತ್ತಾರೆ. ಚಾನೆಲ್ಲಿಗೆ ಸಮಿತಿಯ ಹೆಸರು, ವಿಡಿಯೊದ ಮೇಲೆ ದಾನಿಗಳ ಫೋಟೊ, ಜಾಹೀರಾತಿನ ಹಣ ಚಾನೆಲ್ ನಡೆಸುವವನಿಗೆ. ಹಾಡಿದವನ ಹೆಸರು ಎಲ್ಲಿ? ಕೇಳಿದರೆ, "ನಿಮಗೆ ಪ್ರಚಾರ ಸಿಗುತ್ತಲ್ಲ" ಎನ್ನುತ್ತಾರೆ. ಹೆಸರೇ ಇಲ್ಲದ ಪ್ರಚಾರ ಯಾರ ಪ್ರಚಾರ? ಧಾರ್ಮಿಕ ಸಮಾರಂಭಗಳಲ್ಲಿ, ಮದುವೆಯ ಮೆರವಣಿಗೆಗಳಲ್ಲಿ ಹಾಡು ಬಳಸಲು ಕಾಯ್ದೆಯಲ್ಲಿ ವಿನಾಯಿತಿ ಇರುವುದು ನಿಜ. ಆ ವಿನಾಯಿತಿ ಸಮಾರಂಭದ ಚಪ್ಪರದೊಳಗಿನದು. ಹಾಡಿದವನ ಒಪ್ಪಿಗೆಯಿಲ್ಲದೆ ಅವನ ದನಿಯನ್ನು ಮುದ್ರಿಸಿ ಅದರಿಂದ ಹಣ ಮಾಡುವುದಕ್ಕೆ ಅದು ರಹದಾರಿಯಲ್ಲ. ಬೆಂಗಳೂರಿನ ಕಂಪನಿ ಒಂದು ಕಾಗದಕ್ಕಾದರೂ ಸಹಿ ಹಾಕಿಸಿಕೊಂಡಿತ್ತು. ನಾವು ಅದನ್ನೂ ಮಾಡುವುದಿಲ್ಲ.

ಆಗಬೇಕಾದದ್ದು ಕಷ್ಟದ್ದೇನೂ ಅಲ್ಲ. ಒಬ್ಬ ಕೇಳುಗ ಇನ್ನೊಬ್ಬ ಕೇಳುಗನಿಗೆ ಹಾಡು ಕೊಡುವುದನ್ನು ಗೂಂಡಾಗಿರಿಯ ಸಾಲಿನಿಂದ ತೆಗೆಯಬೇಕು. ಹಾಡಿನಿಂದ ಗಳಿಸುವವನು, ಅವನು ಕಂಪನಿಯಾಗಲಿ ಉರೂಸ್ ಸಮಿತಿಯ ಚಾನೆಲ್ಲಾಗಲಿ, ಹಾಡಿದವನಿಗೆ ಪಾಲು ಕೊಡಬೇಕು. ಜನಪದ ಗಾಯಕರ ಜೊತೆಗಿನ ಕರಾರು ಕನ್ನಡದಲ್ಲಿರಬೇಕು, ಒಂದು ಪ್ರತಿ ಅವರ ಕೈಯಲ್ಲಿರಬೇಕು. ಕರ್ನಾಟಕ ಜಾನಪದ ಅಕಾಡೆಮಿ ಪ್ರಶಸ್ತಿ ಕೊಡುವ ದಿನ ಶಾಲು ಹೊದಿಸಿ ಕಳಿಸುವುದರ ಜೊತೆಗೆ, ಕ್ಯಾಸೆಟ್ ಕಾಲದ ಮುದ್ರಿಕೆಗಳಲ್ಲಿ ಯಾರು ಯಾರು ಹಾಡಿದ್ದಾರೆಂದು ಬದುಕಿರುವವರನ್ನು ಕೇಳಿ ಒಂದು ಪಟ್ಟಿ ಮಾಡಲಿ. ಯಂತ್ರದ ನೋಟೀಸಿಗೆ ಹೆದರಿದ ಹುಡುಗನಿಗೆ ಉತ್ತರ ಬರೆದುಕೊಡುವ ಒಬ್ಬ ವಕೀಲನನ್ನು ನೇಮಿಸಲಿ. ಇನ್ನು ನಾವು, ಹಾಡೊಂದನ್ನು ಇನ್ನೊಬ್ಬರಿಗೆ ಕಳಿಸುವಾಗ ಕೆಳಗೆ ಒಂದು ಹೆಸರು ಬರೆಯುವಷ್ಟು ಬೆರಳು ಆಡಿಸೋಣ. ಗೊತ್ತಿಲ್ಲದಿದ್ದರೆ ಕೇಳಿ ತಿಳಿದುಕೊಳ್ಳೋಣ.

ತಾತ ಈಗ ಇಲ್ಲ. ಕೊನೆಯ ಸಲ ಕಂಡಾಗ ಕಾರ್ಡು ತುಂಬುವ ಹುಡುಗರ ಮೇಲೆ ನಿಮಗೆ ಸಿಟ್ಟಿಲ್ಲವೇ ಎಂದು ಕೇಳಿದ್ದೆ. "ಯಾಕಪ್ಪಾ ಸಿಟ್ಟು? ಅವ್ರು ಹಂಚ್ದೇ ಇದ್ರೆ ಆ ಬಸ್ಸಲ್ಲಿ ನಾನು ಹಾಡ್ತಿದ್ನಾ? ಪದ ಇರೋದೇ ಹಂಚೋಕೆ. ಹೆಸ್ರೊಂದು ಕಿತ್ತಾಕ್ಬಾರ್ದಿತ್ತು," ಎಂದಿದ್ದರು.

ಈ ಲೇಖನದಲ್ಲಿ ಅವರ ಹೆಸರು ಬರೆಯಬೇಕೆಂದು ಮನೆಯವರನ್ನು ಕೇಳಿದೆ. ಬೇಡ ಎಂದರು. ಆ ಇಂಗ್ಲಿಷ್ ಕಾಗದ ಇನ್ನೂ ಯಾರದೋ ಬೀರುವಿನಲ್ಲಿದೆಯಲ್ಲ, ಎಲ್ಲಾದರೂ ಕೇಸು ಹಾಕಿದರೆ ಎಂಬ ಹೆದರಿಕೆ ಅವರಿಗೆ. ಹೆಸರಿಗಾಗಿ ಬರೆದ ಲೇಖನವೂ ಕೊನೆಗೆ ಹೆಸರಿಲ್ಲದೆಯೇ ಅಚ್ಚಾಗುತ್ತಿದೆ. ಗೂಂಡಾ ಕಾಯ್ದೆ ಯಾರನ್ನು ಹೆದರಿಸಲು ಬಂತೋ ತಿಳಿಯದು. ಹೆದರಿ ಕೂತಿರುವುದಂತೂ ಹಾಡಿದವರ ಮನೆ.